ಅರವತ್ತರ ಅರಳುಮರಳು: ಕಿವಿಯೋ, ಮಾತ್ರೆಯೋ, ಮರೆವೋ?

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಅಜ್ಜಿ ಹೇಳಿದ್ದನ್ನೇ ಎರಡು ಸಲ ಹೇಳಿದರೆ, ಮಾವ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ, ತಾತ ಕೇಳಿದ್ದೊಂದಕ್ಕೆ ಇನ್ನೊಂದು ಉತ್ತರ ಕೊಟ್ಟರೆ ಮನೆಮಂದಿಯ ಬಾಯಲ್ಲಿ ಈ ಮಾತು ಸಿದ್ಧವಾಗಿರುತ್ತದೆ. ನಗುತ್ತಲೇ ಆಡುವ ಮಾತು ನಿಜ. ಆದರೆ ಒಮ್ಮೆ ಈ ಹಣೆಪಟ್ಟಿ ಅಂಟಿತೆಂದರೆ ಆಮೇಲೆ ಆ ಹಿರಿಯರು ಏನು ಹೇಳಿದರೂ ಅದು ಅರಳುಮರಳಿನ ಲೆಕ್ಕಕ್ಕೇ ಸೇರುತ್ತದೆ. ತಲೆ ಸುತ್ತುತ್ತಿದೆ ಎಂದರೆ ‘ಅವರದು ಇದ್ದದ್ದೇ’. ಕಾಲು ಜೋಮು ಹಿಡಿದಿದೆ ಎಂದರೆ ‘ವಯಸ್ಸಾಯಿತಲ್ಲ’. ವಿಚಿತ್ರವೆಂದರೆ, ಜಮೀನಿನ ಕಾಗದಕ್ಕೆ ಸಹಿ ಬೇಕಾದ ದಿನ ಅದೇ ತಾತನ ಬುದ್ಧಿ ಎಲ್ಲರಿಗೂ ನೆಟ್ಟಗೇ ಕಾಣುತ್ತದೆ!

ಗಾದೆ ಹುಟ್ಟಿದ ಕಾಲಕ್ಕೆ ಅರವತ್ತೆಂದರೆ ದೊಡ್ಡ ವಯಸ್ಸೇ. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿದು, ಹುಟ್ಟಿದ ಸಂವತ್ಸರವೇ ಮರಳಿ ಬರುವ ವರ್ಷ ಅದು. ಷಷ್ಟ್ಯಬ್ದಿ ಶಾಂತಿಯ ಸಡಗರ ಅದಕ್ಕಾಗಿಯೇ. ಈ ಗಾದೆಯ ಮಾತನ್ನೇ ಎತ್ತಿಕೊಂಡು, ಮರಳಿ ಅರಳುವುದು ಎಂಬ ಧ್ವನಿ ಹೊಮ್ಮುವಂತೆ ದ.ರಾ. ಬೇಂದ್ರೆಯವರು ತಮ್ಮ ಕವನ ಸಂಗ್ರಹಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ 1896ರಲ್ಲಿ ಹುಟ್ಟಿದ ಕವಿಗೆ ಅರವತ್ತು ದಾಟಿತ್ತು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 2011ರಲ್ಲಿ ಬೆಂಗಳೂರಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಕುಳಿತಾಗ ಅವರಿಗೆ 97. ತೀರಿಕೊಂಡದ್ದು 2021ರಲ್ಲಿ, 107ನೆಯ ವಯಸ್ಸಿನಲ್ಲಿ. ಗಾದೆಯ ಲೆಕ್ಕವನ್ನು ಇಂಥವರು ಬುಡಮೇಲು ಮಾಡಿದ್ದಾರೆ. ಇಂಥವರು ಅಪರೂಪವೆಂದು ಬದಿಗಿಟ್ಟರೂ, 2017-18ರ ರಾಷ್ಟ್ರೀಯ ವೃದ್ಧಾಪ್ಯ ಅಧ್ಯಯನದ ಭಾಗವಾಗಿ ನಡೆದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಡಿಮೆನ್ಷಿಯಾ, ಅಂದರೆ ನಿಜವಾದ ಬುದ್ಧಿಕ್ಷಯದ ರೋಗ ಇರುವವರು ಶೇಕಡ 7.4 ಮಾತ್ರ. ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದಿಲ್ಲ.

ಹಾಗಾದರೆ ಉಳಿದ ಅಷ್ಟೊಂದು ಮನೆಗಳಲ್ಲಿ ಅರಳುಮರಳು ಎನಿಸಿಕೊಳ್ಳುತ್ತಿರುವುದು ಏನು? ಹಾಗೆ ನೋಡಿದರೆ ಅದು ಒಂದು ಗಂಟು. ಅದರೊಳಗೆ ಕಿವಿಯ ದೋಷವಿದೆ, ಮಾತ್ರೆಗಳ ಮಂಪರಿದೆ, ವಯಸ್ಸಿನ ಸಹಜ ಮರೆವಿದೆ, ಕೆಲವರಲ್ಲಿ ರೋಗದ ಮರೆವೂ ಇದೆ. ಹೊರಗಿನಿಂದ ಇವೆಲ್ಲ ಒಂದೇ ಬಗೆಯಾಗಿ ಕಾಣುತ್ತವೆ. ಒಳಗೆ ಕಾರಣ ಬೇರೆ, ಮದ್ದು ಬೇರೆ. ಗಂಟು ಬಿಚ್ಚದೆ ಬಿಟ್ಟರೆ ಸರಿಹೋಗಬಹುದಾದದ್ದೂ ಸರಿಹೋಗದೆ ಉಳಿಯುತ್ತದೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಯಶವಂತಪುರ, ಜಾಲಹಳ್ಳಿ, ಯಲಹಂಕದ ಸುತ್ತಮುತ್ತ ಈಗ ಎಪ್ಪತ್ತು ಎಂಬತ್ತರಲ್ಲಿರುವ ಅನೇಕರು ಕಾರ್ಖಾನೆಗಳ ತಲೆಮಾರಿನವರು. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಶುರುವಾಯಿತು, ಮರುವರ್ಷ ಬಿಇಎಲ್ ಬಂತು. ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ 1984ರಲ್ಲಿ ಉದ್ಘಾಟನೆಯಾಯಿತು. ದೊಡ್ಡಬಳ್ಳಾಪುರದ ಕಡೆ ವಿದ್ಯುತ್ ಮಗ್ಗಗಳ ಸದ್ದು ಹಗಲು ರಾತ್ರಿ ಇದ್ದೇ ಇತ್ತು. ಗಡಿಯಾರ ಜೋಡಿಸುವ ಕೋಣೆ ನಿಶ್ಶಬ್ದವಾಗಿದ್ದೀತು. ಲೋಹ ಕಡೆಯುವ, ಬಡಿಯುವ ಶೆಡ್ಡುಗಳು ಹಾಗಲ್ಲ. ಮಗ್ಗದ ಶೆಡ್ಡಿನಲ್ಲಿ ಸದ್ದಿನ ಮಟ್ಟ 90 ಡೆಸಿಬೆಲ್ ದಾಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ ಎಂಟು ಗಂಟೆಗೆ ಒಪ್ಪುವ ಮಿತಿಯೇ 90. ಅದಕ್ಕಿಂತ ಕಡಿಮೆ, ಅಂದರೆ 85 ಡೆಸಿಬೆಲ್ಲಿಗೇ ಕಿವಿ ಕಾಪಾಡಿಕೊಳ್ಳಬೇಕೆಂಬುದು ಹಲವು ದೇಶಗಳ ಕ್ರಮ. ಹತ್ತಿ ತುರುಕಿಕೊಂಡು ದುಡಿದವರೇ ಹೆಚ್ಚು; ಸದ್ದು ತಡೆಯುವ ಮಟ್ಟಿಗೆ ಹತ್ತಿಯ ಪ್ರಯೋಜನ ಅಷ್ಟಕ್ಕಷ್ಟೆ. 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಸದ್ದಿನಿಂದಾಗುವ ಕಿವುಡು ಕೂಡ ಸರ್ಕಾರಕ್ಕೆ ವರದಿ ಮಾಡಬೇಕಾದ ಔದ್ಯೋಗಿಕ ರೋಗವಾಗಿತ್ತು. ಆದರೆ ನಿವೃತ್ತಿಯಾಗಿ ಹತ್ತು ವರ್ಷದ ಮೇಲೆ ಬೆಳಕಿಗೆ ಬರುವ ಕಿವುಡನ್ನು ಯಾರು ವರದಿ ಮಾಡಿಯಾರು? ಮನೆಯಲ್ಲಿ ಅದರ ಹೆಸರು ವಯಸ್ಸು ಎಂದಷ್ಟೆ.

ಕಿವಿಯ ಕೆಲಸವೇ ಸೋಜಿಗದ್ದು. ಕಿವಿಯ ತಮಟೆಯ ಆಚೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಬಟಾಣಿ ಕಾಳಿನಷ್ಟು ಪುಟ್ಟ ಅಂಗವೊಂದಿದೆ. ಅದರೊಳಗೆ ಸಾಲಾಗಿ ಸುಮಾರು ಹದಿನೈದು ಸಾವಿರ ರೋಮಕೋಶಗಳು. ಸದ್ದಿನ ಅಲೆ ಬಂದಾಗ ಇವು ಬಾಗಿ ಏಳುತ್ತವೆ, ಆ ಅಲುಗಾಟ ವಿದ್ಯುತ್ ಸಂಕೇತವಾಗಿ ಮಿದುಳಿಗೆ ಹೋಗುತ್ತದೆ. ಸುರುಳಿಯ ಬಾಗಿಲ ಬಳಿಯ ಕೋಶಗಳು ಕೀರಲು ಸದ್ದನ್ನೂ, ಒಳತುದಿಯ ಕೋಶಗಳು ಗಡಸು ಸದ್ದನ್ನೂ ಹಿಡಿಯುತ್ತವೆ. ವಯಸ್ಸಿನಿಂದಾಗಲಿ ಕಾರ್ಖಾನೆಯ ಸದ್ದಿನಿಂದಾಗಲಿ ಮೊದಲು ಸವೆಯುವುದು ಈ ಬಾಗಿಲ ಬಳಿಯವು. ಮನುಷ್ಯನಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡ 65ಕ್ಕೂ ಹೆಚ್ಚು ಮಂದಿಗೆ ಒಂದಿಷ್ಟಾದರೂ ಶ್ರವಣ ದೋಷವಿದೆ.

ಆದರೆ ಮನೆಯವರನ್ನು ದಾರಿ ತಪ್ಪಿಸುವ ಸಂಗತಿ ಬೇರೆಯೇ ಇದೆ. ಇಂಥವರಿಗೆ ಕಿವಿ ಪೂರ್ತಿ ಕೇಳಿಸುವುದಿಲ್ಲವೆಂದಲ್ಲ. ಅ, ಆ, ಓ ಮೊದಲಾದ ಸ್ವರಗಳು, ಮ, ನ, ಲ ಮುಂತಾದ ವ್ಯಂಜನಗಳು ಗಡಸು ಸದ್ದಿನವು. ಅವು ಚೆನ್ನಾಗಿ ಕೇಳುತ್ತವೆ. ಸ, ಶ, ಚ, ತ, ಕ, ಪ ಇವು ಕೀರಲು, ಮೆಲುಸದ್ದಿನವು, ಇವು ಜಾರಿಹೋಗುತ್ತವೆ. ಮಾತಿಗೆ ಗಟ್ಟಿತನ ಕೊಡುವುದು ಸ್ವರಗಳು, ಅರ್ಥ ಕೊಡುವುದು ವ್ಯಂಜನಗಳು. ಹೀಗಾಗಿ ಯಾರೋ ಮಾತಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನೆಂಬುದು ತಿಳಿಯುವುದಿಲ್ಲ. ಸಾಲ, ಕಾಲ, ತಾಳ ಎಲ್ಲವೂ ಬರೀ ‘ಆಲ’ ಎಂದು ಕೇಳಿದರೆ ಉಳಿದದ್ದನ್ನು ಊಹೆಯಿಂದ ತುಂಬಬೇಕು. ಸಕ್ಕರೆ ಬೇಕೆ ಎಂದರೆ ಅಕ್ಕರೆಯಾಗಿ ಬಿಡಬಹುದು!

ಇನ್ನೊಂದು ತೊಡಕು ತುಟಿಯದು. ಕಿವಿ ಮಂದವಾದವರು ತಮಗರಿವಿಲ್ಲದೆಯೇ ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಕಲಿಯುತ್ತಾರೆ. ಆದರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿಕೊಳ್ಳುತ್ತದೆ. “ಅತ್ತೆ, ಮಾತ್ರೆ ತಗೊಂಡ್ರಾ?” ಎಂದು ಸೊಸೆ ಕೇಳುತ್ತಾಳೆ. ಮಿಕ್ಸಿ ತಿರುಗುತ್ತಿದೆ, ಟಿ.ವಿ. ಹಾಡುತ್ತಿದೆ. “ಪಾತ್ರೆ ಆಗ್ಲೇ ತೊಳೆದಿಟ್ಟಾಯ್ತಲ್ಲಮ್ಮ” ಎಂದು ಅತ್ತೆಯ ಉತ್ತರ. ಈ ಉತ್ತರದಲ್ಲಿ ಬುದ್ಧಿಯ ದೋಷ ಎಲ್ಲಿದೆ? ಅತ್ತೆಯ ಮಿದುಳು ಅರೆಬರೆ ಕೇಳಿದ್ದನ್ನು ಕ್ಷಣದಲ್ಲಿ ಹೊಲಿದು, ಅಡುಗೆ ಮನೆಗೆ ಒಪ್ಪುವ ಅರ್ಥವೊಂದನ್ನು ಕಟ್ಟಿ ಕೊಟ್ಟಿದೆ. ಅದು ಚುರುಕು ಮಿದುಳಿನ ಕೆಲಸ. ಆದರೆ ಮನೆಯಲ್ಲಿ ನಗು ಏಳುತ್ತದೆ. ಅಂದು ಮಾತ್ರೆಯಂತೂ ಹೊಟ್ಟೆಗೆ ಹೋಗುವುದಿಲ್ಲ.

ಆಗ ಸಾಮಾನ್ಯವಾಗಿ ಆಗುವುದೆಂದರೆ ಕೂಗುವುದು. ಕೂಗಿದರೆ ಮೊದಲೇ ಕೇಳುತ್ತಿದ್ದ ಸ್ವರಗಳು ಇನ್ನಷ್ಟು ಜೋರಾಗುತ್ತವೆ, ಕೇಳದ ವ್ಯಂಜನಗಳು ಅಲ್ಲಲ್ಲೇ ಉಳಿಯುತ್ತವೆ. ಅಲ್ಲದೆ ಸವೆದ ಕಿವಿಗೆ ಮೆಲುಸದ್ದು ಕೇಳದಿದ್ದರೂ ದೊಡ್ಡ ಸದ್ದು ತಟ್ಟನೆ ಕರ್ಕಶವಾಗುತ್ತದೆ. ‘ಮೊದಲು ಕೇಳಲ್ಲ ಅಂತಾರೆ, ಆಮೇಲೆ ಯಾಕೆ ಕಿರುಚ್ತೀಯ ಅಂತಾರೆ’ ಎಂಬ ಸೊಸೆಯಂದಿರ ದೂರಿನಲ್ಲಿ ಹಿರಿಯರ ಹಟ ಎಳ್ಳಷ್ಟೂ ಇಲ್ಲ, ಇರುವುದು ಕಿವಿಯ ರಚನೆ. ಎದುರು ನಿಂತು, ಮುಖಕ್ಕೆ ಬೆಳಕು ಬೀಳುವಂತೆ, ಮಾಮೂಲಿ ದನಿಯಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡುವುದು ಕೂಗುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಟಿ.ವಿ. ಆರಿಸಿದರೆ ಇನ್ನೂ ಒಳ್ಳೆಯದು. ‘ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂದ ಗಾದೆಗಾರನಿಗೆ, ಕಿನ್ನರಿಯ ಕೆಳಸ್ವರಗಳು ಆ ಮನುಷ್ಯನಿಗೆ ಕೇಳುತ್ತಿದ್ದಿರಬಹುದು ಎಂಬುದು ಹೊಳೆದಿರಲಾರದು.

ಎಲ್ಲ ಕಿವುಡೂ ಸವೆತವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗುಗ್ಗೆ ಗಟ್ಟಿಯಾಗಿ ಕಿವಿಯ ದಾರಿ ಮುಚ್ಚಿಹೋಗುವುದು ಮುದುಕರಲ್ಲಿ ಬಹಳ ಸಾಮಾನ್ಯ. ವೈದ್ಯರು ಐದು ನಿಮಿಷದಲ್ಲಿ ತೆಗೆದುಹಾಕುವ ಗುಗ್ಗೆಯಿಂದಾಗಿ ವರ್ಷಗಟ್ಟಲೆ ಅರಳುಮರಳು ಎನಿಸಿಕೊಂಡವರಿರಬಹುದು. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ, ತಮಟೆ ಹರಿಯುವ ಭಯ ಬೇರೆ. ಒಂದೆರಡು ದಿನದಲ್ಲಿ ದಿಢೀರನೆ ಒಂದು ಕಿವಿ ಕೇಳದಾದರೆ ಮಾತ್ರ ನಾಳೆ ನಾಡಿದ್ದು ಎನ್ನಬಾರದು. ಬೇಗ ಚಿಕಿತ್ಸೆ ಶುರುವಾದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು.

ಕಿವಿಗೂ ಮಾತ್ರೆಗೂ, ಮದ್ದಿಗೂ ಇರುವ ನಂಟು ಕೇವಲ ತಪ್ಪಾಗಿ ಕೇಳುವುದರಲ್ಲಿ ಮುಗಿಯುವುದಿಲ್ಲ. ಕೆಲವು ಔಷಧಗಳು ಕಿವಿಯನ್ನೇ ಹಾಳುಮಾಡುತ್ತವೆ. ಮೇಖ್ರಿ ವೃತ್ತದ ಕಡೆಯಿಂದ ಹೆಬ್ಬಾಳಕ್ಕೆ ಹೋಗುವ ಅದೇ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಭಾರತದ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ತಳಹದಿ ಹಾಕಿತು. ಆ ಕಾಲದಲ್ಲಿ ಕ್ಷಯಕ್ಕೆ ದೊಡ್ಡ ಅಸ್ತ್ರವೆಂದರೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು. ಅದು ಎಷ್ಟೋ ಜೀವ ಉಳಿಸಿತು. ಉಳಿಸಿದ್ದಕ್ಕೆ ಬೆಲೆಯಾಗಿ ಕೆಲವರ ಒಳಕಿವಿಯ ಸಮತೋಲನವನ್ನು, ಕೆಲವರ ಶ್ರವಣವನ್ನು ಶಾಶ್ವತವಾಗಿ ತೆಗೆದುಕೊಂಡಿತು. ಮದ್ದಿಗೆ ಬಗ್ಗದ ಕ್ಷಯಕ್ಕೆ ಕೊಡುತ್ತಿದ್ದ ಕಾನಮೈಸಿನ್ ಕೂಡ ಹಾಗೆಯೇ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಿಡುವಂತೆ ಸೂಚಿಸಿತು. ಹರೆಯದಲ್ಲಿ ತಿಂಗಳುಗಟ್ಟಲೆ ಇಂಥ ಚುಚ್ಚುಮದ್ದು ತೆಗೆದುಕೊಂಡು ಬದುಕುಳಿದವರು ಇಂದು ಮುದುಕರಾಗಿದ್ದಾರೆ. ಕತ್ತಲಲ್ಲಿ ನಡೆಯುವಾಗ ಅವರು ತೂರಾಡಿದರೆ ಅದರ ಮೂಲ ಅರ್ಧ ಶತಮಾನದ ಹಿಂದಿನ ಸೂಜಿಯಲ್ಲಿರಲೂಬಹುದು. ಕಿವಿ ಪರೀಕ್ಷೆಗೆ ಹೋದಾಗ ಹಳೆಯ ಕಾಯಿಲೆಯ ಕತೆ ಹೇಳಬೇಕೆನ್ನುವುದು ಇದಕ್ಕೇ.

ಇನ್ನು ಮಾತ್ರೆಯ ಡಬ್ಬಿ. ಆರ್.ಟಿ. ನಗರದಂಥ ಬಡಾವಣೆಯಲ್ಲಿ ಯಾವುದೇ ಹಿರಿಯರ ಮನೆಯ ಶೋಕೇಸಿನ ಮೂಲೆ ನೋಡಿದರೂ ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಮಾತ್ರೆಯ ಹಾಳೆಗಳ ರಾಶಿ ಕಾಣುತ್ತದೆ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು, ಸಕ್ಕರೆ ಕಾಯಿಲೆಗೆ ಇನ್ನೊಬ್ಬರು, ಮಂಡಿನೋವಿಗೆ ಮತ್ತೊಬ್ಬರು, ನೆಗಡಿಗೆ ಔಷಧದಂಗಡಿಯವನೇ ವೈದ್ಯ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದು. ಒಂದೇ ಅಮ್ಲೋಡಿಪಿನ್ ಎರಡು ಕಂಪನಿಯ ಎರಡು ಹೆಸರಿನಲ್ಲಿ, ಎರಡು ಬಣ್ಣದ ಹಾಳೆಯಲ್ಲಿ ಬಂದು, ದಿನಾ ಎರಡೂ ಹೊಟ್ಟೆಗೆ ಹೋಗುವುದುಂಟು. ಐದು ಅಥವಾ ಅದಕ್ಕಿಂತ ಹೆಚ್ಚು ಔಷಧ ನಿತ್ಯ ಸೇವಿಸುವುದನ್ನು ವೈದ್ಯಶಾಸ್ತ್ರ ಬಹುಔಷಧ ಸೇವನೆ ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತದೆ. ಸಂಖ್ಯೆ ಏರಿದಂತೆ ಒಂದಕ್ಕೊಂದು ತಾಗಿ ತೊಂದರೆಯಾಗುವ ಸಂಭವ ಏರುತ್ತದೆ.

ಅದೇ ಮಾತ್ರೆ ನಲವತ್ತರಲ್ಲಿ ಒಗ್ಗಿದ್ದು ಎಂಬತ್ತರಲ್ಲಿ ಯಾಕೆ ಒಗ್ಗುವುದಿಲ್ಲ? ನಲವತ್ತರ ನಂತರ ಮೂತ್ರಪಿಂಡಗಳ ಸೋಸುವ ಶಕ್ತಿ ವರ್ಷಕ್ಕೆ ಸುಮಾರು ಶೇಕಡ ಒಂದರಂತೆ ಇಳಿಯುತ್ತ ಬರುತ್ತದೆ. ಯಕೃತ್ತಿಗೆ ಹರಿಯುವ ರಕ್ತ ತಗ್ಗುತ್ತದೆ. ಮೈಯಲ್ಲಿ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಹೆಚ್ಚುತ್ತದೆ. ನಿದ್ರೆ ಮಾತ್ರೆ ಡಯಾಜೆಪಾಮ್ ಕೊಬ್ಬಿನಲ್ಲಿ ಅವಿತು ಕೂರುವ ಸ್ವಭಾವದ್ದು. ಇಪ್ಪತ್ತರ ಹರೆಯದವರಲ್ಲಿ ಅದರ ಅರ್ಧಭಾಗ ಮೈಯಿಂದ ಹೊರಹೋಗಲು ಸುಮಾರು ಇಪ್ಪತ್ತು ಗಂಟೆ ಸಾಕಾದರೆ, ಎಂಬತ್ತರವರಲ್ಲಿ ಎಂಬತ್ತು ಗಂಟೆಯ ಹತ್ತಿರ ಬೇಕು. ಸೋಮವಾರ ರಾತ್ರಿ ನುಂಗಿದ್ದು ಗುರುವಾರವೂ ಮೈಯಲ್ಲಿದೆ. ನಡುವೆ ಇನ್ನೆರಡು ನುಂಗಾಗಿದೆ! ಹಗಲಲ್ಲಿ ತೂಕಡಿಕೆ, ಮಾತು ತೊದಲು, ಬಚ್ಚಲಲ್ಲಿ ಜಾರಿ ಬೀಳುವುದು, ನಿನ್ನೆ ಯಾರು ಬಂದಿದ್ದರೆಂದು ನೆನಪಾಗದಿರುವುದು ಎಲ್ಲವೂ ಇದರ ಮಕ್ಕಳೇ. ಆಲ್‌ಪ್ರಜೋಲಾಮ್ ಡಯಾಜೆಪಾಮಿನಷ್ಟು ಹೊತ್ತು ನಿಲ್ಲದಿದ್ದರೂ ಮರೆವು, ಬೀಳುವುದು ಇವುಗಳ ಮಟ್ಟಿಗೆ ಅದೇ ಬಳಗದ್ದು. 2014ರಿಂದ ಇಂಥ ಮಾತ್ರೆಗಳು ಎಚ್-1 ಪಟ್ಟಿಯಲ್ಲಿವೆ: ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಅಂಗಡಿಯವನು ರೋಗಿಯ ಮತ್ತು ವೈದ್ಯರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಕಾನೂನು ಸರಿಯಾಗಿಯೇ ಇದೆ. ಹಳೆಯ ಚೀಟಿಯನ್ನೇ ವರ್ಷಗಟ್ಟಲೆ ತೋರಿಸುವ ಅಭ್ಯಾಸವನ್ನು ಕಾನೂನು ಹೇಗೆ ತಡೆದೀತು?

ಇನ್ನೂ ಸಾಧುವಾಗಿ ಕಾಣುವ ಕಳ್ಳರಿದ್ದಾರೆ. ನೆಗಡಿ, ತುರಿಕೆಗೆಂದು ನುಂಗುವ ಕ್ಲೋರ್‌ಫೆನಿರಮಿನ್, ನರನೋವಿಗೂ ನಿದ್ರೆಗೂ ಬರೆಯುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ನೆನಪು ಕಟ್ಟಲು ಬೇಕಾದ ರಾಸಾಯನಿಕವೇ ಅದು. ಆಲ್ಜೈಮರ್ ರೋಗಿಗಳಿಗೆ ಕೊಡುವ ಡೊನೆಪೆಜಿಲ್ ಮಾತ್ರೆಯ ಉದ್ದೇಶ ಅದೇ ಅಸಿಟೈಲ್‌ಕೋಲಿನನ್ನು ಹೆಚ್ಚಿಸುವುದು. ಒಬ್ಬ ವೈದ್ಯರು ಡೊನೆಪೆಜಿಲ್ ಬರೆದು, ಇನ್ನೊಬ್ಬರು ಆಕ್ಸಿಬ್ಯುಟಿನಿನ್ ಬರೆದರೆ ಒಂದೇ ಬಂಡಿಗೆ ಹಿಂದೊಂದು ಮುಂದೊಂದು ಎತ್ತು ಕಟ್ಟಿದಂತಾಯಿತು. ಹಿರಿಯರಿಗೆ ಕೊಡುವಾಗ ಎಚ್ಚರ ಬೇಕಾದ ಇಂಥ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ ಮೊದಲಿಗೆ ಪ್ರಕಟಿಸಿದರು. ಆ ಪಟ್ಟಿ ಆಗಾಗ ಪರಿಷ್ಕರಣೆಯಾಗುತ್ತ ಇಂದಿಗೂ ಬಳಕೆಯಲ್ಲಿದೆ.

ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಬೆನ್‌ಕ್ಲಮೈಡ್ ಮುದುಕರಲ್ಲಿ ಸಕ್ಕರೆಯನ್ನು ತೀರಾ ಕೆಳಗಿಳಿಸಿ ಬಹಳ ಹೊತ್ತು ಅಲ್ಲೇ ಇರಿಸಬಲ್ಲದು. ಏಕಾದಶಿ ಉಪವಾಸದ ದಿನ ಅಜ್ಜಿ ಏನೇನೋ ಮಾತಾಡತೊಡಗಿದರೆ ಮೊದಲು ನೋಡಬೇಕಾದದ್ದು ಸಕ್ಕರೆಯ ಪ್ರಮಾಣವನ್ನು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಗಳು ಕೆಲವರಲ್ಲಿ ರಕ್ತದ ಸೋಡಿಯಂ ಇಳಿಸಿ ಗಲಿಬಿಲಿ ತರುತ್ತವೆ. ಮೆಟ್‌ಫಾರ್ಮಿನ್ ಹಲವು ವರ್ಷ ಸೇವಿಸಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಬಹುದು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಕಾಲು ಜೋಮು, ಮಂಕುತನ, ಮರೆವು ಮೂರೂ ಒಟ್ಟಿಗೆ ಬಂದರೆ ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಕೆಲವು ಚುಚ್ಚುಮದ್ದಿನಿಂದ ಎಷ್ಟೋ ಸರಿಹೋಗುತ್ತದೆ. ನುಂಗಲಾಗದೆಂದು ಮಾತ್ರೆಯನ್ನು ಕುಟ್ಟಿ ಪುಡಿಮಾಡಿ ಕೊಡುವ ಮನೆಗಳೂ ಇವೆ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಯಾದರೆ ದಿನದ ಮದ್ದೆಲ್ಲ ಒಂದೇ ಗಳಿಗೆಯಲ್ಲಿ ರಕ್ತಕ್ಕೆ ಸೇರಿಬಿಡುತ್ತದೆ.

ಇದನ್ನೋದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸುವಂತಿಲ್ಲ. ವರ್ಷಗಟ್ಟಲೆ ತೆಗೆದುಕೊಂಡ ನಿದ್ರೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಮಾಡಬೇಕಾದ ಕೆಲಸ ಸರಳ: ಆ ಬಿಸ್ಕತ್ತಿನ ಡಬ್ಬಿಯನ್ನೇ, ಅದರಲ್ಲಿರುವ ಆಯುರ್ವೇದದ ಚೂರ್ಣ, ಕಣ್ಣಿನ ಹನಿಗಳ ಸಮೇತ, ಚೀಲಕ್ಕೆ ಹಾಕಿಕೊಂಡು ಒಬ್ಬ ವೈದ್ಯರ ಮೇಜಿನ ಮೇಲೆ ಸುರಿಯುವುದು. ಯಾವುದು ಬೇಕು, ಯಾವುದು ಬೇಡ, ಯಾವುದನ್ನು ಮೆಲ್ಲಗೆ ಇಳಿಸಬೇಕು ಎಂದು ಒಬ್ಬರು ಕೂತು ನೋಡಬೇಕು. ವರ್ಷಕ್ಕೊಮ್ಮೆಯಾದರೂ.

ಹಳೆಯ ಕನ್ನಡಿಗರು ಒಂದು ವಿಷಯದಲ್ಲಿ ಇಂದಿನವರಿಗಿಂತ ಸೂಕ್ಷ್ಮವಾಗಿದ್ದರು. ನಿಧಾನವಾಗಿ ಕವಿಯುವ ಮಂಕಿಗೆ ಅರಳುಮರಳು ಎಂದರೆ, ಜ್ವರ ಬಂದು ದಿಢೀರನೆ ಬಡಬಡಿಸುವುದಕ್ಕೆ ಸನ್ನಿ ಎಂದರು. ಸನ್ನಿಪಾತದಿಂದ ಬಂದ ಮಾತು ಅದು. ವೈದ್ಯರಿಗೂ ಈ ಭೇದ ಬಹಳ ಮುಖ್ಯ. ನಿನ್ನೆವರೆಗೆ ಸರಿಯಾಗಿದ್ದ ಹಿರಿಯರು ಇಂದು ಮಗನನ್ನು ಗುರುತಿಸದಿದ್ದರೆ, ಬೆಳಿಗ್ಗೆ ಒಂದು ರೀತಿ ಸಂಜೆ ಒಂದು ರೀತಿಯಿದ್ದರೆ, ಗೋಡೆಯ ಮೇಲೆ ಇಲ್ಲದ್ದನ್ನು ಕಂಡರೆ ಅದು ಸನ್ನಿ. ಮೂತ್ರದ ಸೋಂಕು, ನ್ಯುಮೋನಿಯಾ, ಮೈಯಲ್ಲಿ ನೀರು ಒಣಗಿದ್ದು, ಸೋಡಿಯಂ ಇಳಿದದ್ದು, ಹೊಸದಾಗಿ ಶುರುವಾದ ಮಾತ್ರೆ ಇಂಥ ಕಾರಣವೊಂದು ಅದರ ಹಿಂದೆ ಇರುತ್ತದೆ, ಮುದುಕರಲ್ಲಿ ಜ್ವರ ಕಾಣದೆಯೂ ಇರಬಹುದು. ಅದು ಆಸ್ಪತ್ರೆಗೆ ಓಡಬೇಕಾದ ಗಳಿಗೆ. ಸನ್ನಿ ಎಂಬ ಪದ ಮನೆಮಾತಿನಿಂದ ಮರೆಯಾಗಿ, ಎಲ್ಲಕ್ಕೂ ಅರಳುಮರಳು ಎಂಬ ಒಂದೇ ಮಾತು ಉಳಿದದ್ದು ಭಾಷೆಗಷ್ಟೇ ಆದ ನಷ್ಟವಲ್ಲ.

ನಿಜವಾದ ಡಿಮೆನ್ಷಿಯಾ ಇವೆಲ್ಲಕ್ಕಿಂತ ಬೇರೆ. ಸಾಲ ಕೊಟ್ಟವನ ಹೆಸರು ನಾಲಿಗೆಗೆ ಬಾರದಿರುವುದು ವಯಸ್ಸು; ಸಾಲ ಕೊಟ್ಟದ್ದೇ ನೆನಪಿಲ್ಲದಿರುವುದು, ನೆನಪಿಸಿದರೂ ಮರಳದಿರುವುದು ಯೋಚಿಸಬೇಕಾದ ಸಂಗತಿ. ಮೂವತ್ತು ವರ್ಷ ನಡೆದ ಗಂಗಾನಗರದ ದಾರಿಯಲ್ಲಿ ಮನೆ ಸಿಗದೆ ನಿಲ್ಲುವುದು ಎಚ್ಚರಿಕೆಯ ಗಂಟೆ. (ಹೆಬ್ಬಾಳದ ಮೇಲುಸೇತುವೆಯ ಸುರುಳಿಗಳಲ್ಲಿ ದಾರಿ ತಪ್ಪುವುದನ್ನು ಮಾತ್ರ ಇದಕ್ಕೆ ಸೇರಿಸಬಾರದು, ಅಲ್ಲಿ ಹರೆಯದವರೂ ತಪ್ಪುತ್ತಾರೆ.) 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ ಮೊದಲಿಗೆ ವಿವರಿಸಿದ ರೋಗಿ ಆಸ್ಪತ್ರೆ ಸೇರಿದಾಗ 51 ವರ್ಷದ ಹೆಂಗಸು. ಅದು ಮುಪ್ಪಿನ ಸಹಜ ಪಾಡಲ್ಲ, ಮಿದುಳಿನ ರೋಗ ಎಂಬುದಕ್ಕೆ ಆಗಲೇ ಸಾಕ್ಷಿ ಸಿಕ್ಕಿತ್ತು.

ಆದರೆ ಆ ರೋಗ ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯಲ್ಲೇ ಒಂದು ಪೇಚಿದೆ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪ್ರಸಿದ್ಧ ಕಿರುಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು, ತಾರೀಕು ಇಸವಿ ಹೇಳಬೇಕು. ಶಾಲೆಯ ಮುಖ ನೋಡದ ಯಲಹಂಕದ ಅಜ್ಜಿಗೆ ಇಂದು ಯಾವ ತಾರೀಕೆಂದರೆ ತಿಳಿಯದು; ಅಮಾವಾಸ್ಯೆಗೆ ಎಷ್ಟು ದಿನ, ಯಾವ ಮಳೆ ನಡೆಯುತ್ತಿದೆ ಎಂದರೆ ತಟ್ಟನೆ ಹೇಳುತ್ತಾಳೆ. ಇದಕ್ಕಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ನಮ್ಮವರಿಗೆ ಒಪ್ಪುವ ಪರೀಕ್ಷೆಗಳನ್ನು ಸಿದ್ಧಪಡಿಸಿತು. ಯಶವಂತಪುರದ ಮಗ್ಗುಲಿಗೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಮಾವಿನ ತೋಟದ ರೈತರ ನೆನಪು ವಯಸ್ಸಿನೊಡನೆ ಹೇಗೆ ಸಾಗುತ್ತದೆಂದು ಅಳೆಯುವ ಇಂಥ ಕೆಲಸ ನಮ್ಮ ಹಳ್ಳಿಗಳಲ್ಲಿ ವಿರಳ.

ಭಾಷೆ ಬದಲಿಸಿದರೂ ಉಳಿಯುವ ತೊಡಕು ಕಿವಿಯದು. ನೆನಪಿನ ಪರೀಕ್ಷೆ ಬಹುಪಾಲು ಬಾಯಿಮಾತಿನಲ್ಲೇ ನಡೆಯುತ್ತದೆ. ವೈದ್ಯರು ಮೂರು ಪದ ಹೇಳಿ ಐದು ನಿಮಿಷದ ಮೇಲೆ ಕೇಳುತ್ತಾರೆ. ಮೊದಲ ಸಲವೇ ಕಿವಿಗೆ ಬೀಳದ ಪದ ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಕಿವಿಯ ಅಂಕ ನೆನಪಿನ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ನೆನಪಿನ ತಪಾಸಣೆಗೆ ಮುನ್ನ ಕಿವಿಯ ತಪಾಸಣೆ ಆಗಬೇಕೆಂಬುದು ನ್ಯಾಯವಾದ ಕ್ರಮ.

ಸಂಬಂಧ ಇಲ್ಲಿಗೇ ನಿಲ್ಲುವುದಿಲ್ಲ. ಲ್ಯಾನ್ಸೆಟ್ ಪತ್ರಿಕೆಯ ಡಿಮೆನ್ಷಿಯಾ ಆಯೋಗ 2017ರಿಂದ ಈಚೆಗೆ ತನ್ನ ಪ್ರತಿ ವರದಿಯಲ್ಲೂ, ತಪ್ಪಿಸಬಹುದಾದ ಕಾರಣಗಳ ಸಾಲಿನಲ್ಲಿ ನಡುವಯಸ್ಸಿನ ಶ್ರವಣ ದೋಷವನ್ನು ಮುಖ್ಯವಾಗಿ ಹೆಸರಿಸಿದೆ. ಕೇಳುವುದಕ್ಕೇ ಮಿದುಳಿನ ಶಕ್ತಿ ಖರ್ಚಾಗಿ ನೆನಪಿಗೆ ಉಳಿಯದಿರಬಹುದು. ಮಾತು ಕೇಳದವರು ಜಗಲಿ, ಮದುವೆಮನೆ, ದೇವಸ್ಥಾನ ಬಿಟ್ಟು ಮೂಲೆ ಸೇರುವುದೂ ಕಾರಣವಾಗಿರಬಹುದು. ಶ್ರವಣ ಯಂತ್ರ ಹಾಕಿದರೆ ಇದು ತಪ್ಪೀತೇ? 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ನೋಡಲಾಯಿತು. ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಹೃದಯದ ತೊಂದರೆಯೇ ಮೊದಲಾಗಿ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಬುದ್ಧಿಶಕ್ತಿ ಕುಂದುವ ವೇಗ ಶೇಕಡ 48ರಷ್ಟು ತಗ್ಗಿತ್ತು. ಯಂತ್ರ ಹಾಕಿದರೆ ಡಿಮೆನ್ಷಿಯಾ ಬರುವುದೇ ಇಲ್ಲವೆಂದು ಮಾರಾಟಗಾರರು ಹೇಳಿದರೆ ನಂಬಬೇಕಾಗಿಲ್ಲ. ಉಪಯೋಗವಿಲ್ಲವೆಂದು ಕೈಬಿಡುವಂತೆಯೂ ಇಲ್ಲ.

ಉತ್ತರ ಬೆಂಗಳೂರಿನವರು ಸಂತೋಷಪಡಬಹುದಾದ ಸಂಗತಿಯೂ ಒಂದಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಕಾರ್ಖಾನೆಯಲ್ಲಿ ತಮಿಳು ಎಂದು ನಾಲ್ಕು ಭಾಷೆ ಆಡುವುದು ಇಲ್ಲಿಯ ಹಿರಿಯರಿಗೆ ಹೊಸತೇನಲ್ಲ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದಕ್ಕೆ ಹೂಂಗುಟ್ಟಿಲ್ಲ ಎಂಬುದನ್ನೂ ಸೇರಿಸಬೇಕು. ಇರಲಿ, ಭಾಷೆಯ ಈ ಲಾಭ ದಕ್ಕಬೇಕಾದರೂ ಆಡುವವರ ಮಾತು ಕಿವಿಗೆ ಬೀಳಬೇಕಷ್ಟೆ.

ಕನ್ನಡಕವನ್ನು ಯಾವ ನಾಚಿಕೆಯೂ ಇಲ್ಲದೆ ಧರಿಸುವ ಜನ ಶ್ರವಣ ಯಂತ್ರಕ್ಕೆ ಹಿಂಜರಿಯುತ್ತಾರೆ. ಜೇಬಿನಲ್ಲೊಂದು ಡಬ್ಬಿ, ಅದರಿಂದ ಕಿವಿಗೊಂದು ತಂತಿ ಎಂಬ ಹಳೆಯ ಚಿತ್ರ ಮನಸ್ಸಿನಿಂದ ಹೋಗಿಲ್ಲ. ಈಗಿನವು ಕಿವಿಯ ಹಿಂದೆ ಅಡಗುವಷ್ಟು ಚಿಕ್ಕವು. ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸದೆ, ಅವರವರ ಕಿವಿಯ ಪರೀಕ್ಷೆಯ ನಕ್ಷೆ ನೋಡಿ ಜಾರಿಹೋಗುವ ಸದ್ದನ್ನಷ್ಟೇ ಹೆಚ್ಚಿಸುವಂತೆ ಹೊಂದಿಸಬಹುದು. ಅಂಗಡಿಯಲ್ಲಿ ಕೊಂಡು ಹಾಗೆಯೇ ಸಿಕ್ಕಿಸಿಕೊಳ್ಳುವ ಯಂತ್ರ ಮೂಲೆ ಸೇರುವುದು ಈ ಹೊಂದಾಣಿಕೆ ಇಲ್ಲದ್ದರಿಂದಲೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶದಲ್ಲೇ ಈ ಕ್ಷೇತ್ರದ ಹಿರಿಯ ಸಂಸ್ಥೆ. ಬೆಂಗಳೂರಿನಲ್ಲಿ ಹೆಣ್ಣೂರು ರಸ್ತೆಯ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಹೆಬ್ಬಾಳ, ಆರ್.ಟಿ. ನಗರದವರಿಗೆ ದೂರವಲ್ಲ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಶ್ರವಣ ಯಂತ್ರವೂ ಸೇರಿದಂತೆ ಸಾಧನಗಳನ್ನು ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂತು. ಮನೆಯಲ್ಲಿ ಕಡೆಗಣನೆ, ಕಿರುಕುಳವಾದರೆ ಹಿರಿಯರು ಹೇಳಿಕೊಳ್ಳಲೆಂದು ಬೆಂಗಳೂರು ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ 1090 ಸಹಾಯವಾಣಿ ಆರಂಭಿಸಿದರು.

ಯಂತ್ರ ಬಂದ ಮೊದಲ ವಾರ ಮನೆಯವರು ತಾಳ್ಮೆಯಿಂದಿರಬೇಕು. ಹತ್ತು ವರ್ಷ ಸದ್ದಿಲ್ಲದೆ ಕುಳಿತ ಮಿದುಳಿಗೆ ಎಲ್ಲವೂ ಒಮ್ಮೆಲೇ ನುಗ್ಗುತ್ತದೆ: ಫ್ಯಾನಿನ ಗುಂಯ್ಗುಟ್ಟುವಿಕೆ, ಚಪ್ಪಲಿಯ ಸಪ್ಪಳ, ಸಿಂಕಿಗೆ ಬೀಳುವ ಚಮಚ, ತಮ್ಮದೇ ದನಿ ಬಾವಿಯೊಳಗಿಂದ ಬಂದಂತೆ. ಬಹುಮಂದಿ ಕಿತ್ತೆಸೆಯುವುದು ಆಗಲೇ. ದಿನಕ್ಕೆ ಒಂದೆರಡು ಗಂಟೆ, ಮೊದಲು ಶಾಂತವಾದ ಕೋಣೆಯಲ್ಲಿ ಒಬ್ಬರೊಡನೆ ಮಾತು, ಆಮೇಲೆ ಜನರ ನಡುವೆ, ಹೀಗೆ ಏರಿಸುತ್ತ ಹೋದರೆ ಕೆಲವು ವಾರಗಳಲ್ಲಿ ಮಿದುಳು ಬೇಡದ ಸದ್ದನ್ನು ಹಿಂದಕ್ಕೆ ತಳ್ಳುವುದನ್ನು ಮತ್ತೆ ಕಲಿಯುತ್ತದೆ. ಒಂದೆರಡು ಸಲ ಹೊಂದಾಣಿಕೆ ಬದಲಿಸಲು ಮತ್ತೆ ಹೋಗಬೇಕಾಗುತ್ತದೆ. ಸ್ನಾನಕ್ಕೆ ಮುಂಚೆ ತೆಗೆದಿಡಬೇಕು, ಬಳಸದಿದ್ದಾಗ ಬ್ಯಾಟರಿಯ ಬಾಗಿಲು ತೆರೆದಿಡಬೇಕು. ತೆಗೆದಿಟ್ಟ ಜಾಗ ಮಾತ್ರೆಯ ಡಬ್ಬಿಯ ಪಕ್ಕವಾದರೆ ಬೆಳಿಗ್ಗೆ ಎರಡೂ ಒಟ್ಟಿಗೇ ಕೈಗೆ ಸಿಗುತ್ತವೆ.